ಕಂಬಳಿ ಹೊದ್ದ ಎಂಜಿನ್

"ಬುದ್ಧಿ, ಒಳಗಿದ್ದದ್ದು ಬದಲಾಗಿ ಹೋದ ಮೇಲೂ ಹೊರಗೆ ಅದೇ ವೇಷ ಇಟ್ಟುಕೊಂಡಿರುವುದು ಮೋಸವಲ್ಲವೇ?"

ಹೀಗೆ ಕೇಳಿದವನು ಮರುಳಸಿದ್ಧ. ಮಠದ ದಾಸೋಹದ ಹೊಣೆಯೆಲ್ಲ ಅವನದು. ದೇವರ ಹೆಸರು ಕೇಳಿದರೆ ಕಣ್ಣು ತುಂಬಿಕೊಳ್ಳುತ್ತಿದ್ದ ವಯಸ್ಸಿನಲ್ಲಿ ಅವನು ಮನೆ ಬಿಟ್ಟು ಮಠಕ್ಕೆ ಬಂದಿದ್ದ. ಹದಿನಾಲ್ಕು ವರ್ಷಗಳಾಗಿದ್ದವು. ಇವತ್ತು ಅವನ ಬಟ್ಟೆಯ ಗಂಟು ಬಾಗಿಲ ಪಕ್ಕದಲ್ಲಿತ್ತು.

ಸ್ವಾಮಿಗಳು ಮೊದಲು ಗಂಟನ್ನು ನೋಡಿದರು, ಆಮೇಲೆ ಅವನನ್ನು ನೋಡಿದರು.

"ಏನು ಬದಲಾಯಿತು?" ಎಂದರು.

"ಬಂದಾಗ ಭಕ್ತಿ ಇತ್ತು ಬುದ್ಧಿ. ಬೆಳಗಿನ ಜಾವ ನನ್ನನ್ನು ಎಬ್ಬಿಸುತ್ತಿದ್ದದ್ದೇ ಅದು. ಎರಡು ವರ್ಷದಿಂದ ಅದಿಲ್ಲ. ಪೂಜೆಗೆ ಕೂತರೆ ಬರಿಯ ಕಲ್ಲಿನ ಮುಂದೆ ಕೂತ ಹಾಗಿರುತ್ತದೆ. ಆದರೂ ಏಳುತ್ತೇನೆ, ಒಲೆ ಹಚ್ಚುತ್ತೇನೆ, ಮುನ್ನೂರು ಜನಕ್ಕೆ ಬಡಿಸುತ್ತೇನೆ. ಹಸಿದು ಬಂದವರು ಹೊಟ್ಟೆ ತುಂಬ ಉಣ್ಣುವುದನ್ನು ನೋಡಬೇಕು ಅನ್ನಿಸುತ್ತದೆ. ಅಷ್ಟಕ್ಕೇ ಏಳುವುದು. ಜನ ಮಾತ್ರ ದೊಡ್ಡ ಭಕ್ತನೆಂದು ಕಾಲು ಮುಟ್ಟುತ್ತಾರೆ. ಹಾಗೆ ಮುಟ್ಟಿದಾಗಲೆಲ್ಲ ನಾಚಿಕೆಯಾಗುತ್ತದೆ. ತಾವು ಅಪ್ಪಣೆ ಕೊಟ್ಟರೆ ಹೊರಡುತ್ತೇನೆ."

"ಅಪ್ಪಣೆಗೇನು, ಕೊಡೋಣ. ಬಸ್ಸು ಬರುವುದಕ್ಕೆ ಇನ್ನೂ ಹೊತ್ತಿದೆ. ಕೂತುಕೋ."

ಮರುಳಸಿದ್ಧ ಕೂತ. ಬೇರೆ ಗುರುಗಳ ಕತೆಗಳಲ್ಲಿ ರಾಜ ಬರುತ್ತಾನೆ, ಆನೆ ಬರುತ್ತದೆ. ಈ ಸ್ವಾಮಿಗಳ ಪೂರ್ವಾಶ್ರಮದ ತಂದೆ ಲಾರಿ ಓಡಿಸುತ್ತಿದ್ದವರು. ಹಾಗಾಗಿ ಇವರ ಕತೆಗಳಲ್ಲಿ ಟೈರು, ಬ್ರೇಕು, ಗೇರುಗಳದೇ ಕಾರುಬಾರು. ಮರುಳಸಿದ್ಧ ಅದಕ್ಕೆ ಒಗ್ಗಿಕೊಂಡಿದ್ದ. ಇವತ್ತು ಮಾತ್ರ ಕತೆ ಕೇಳುವ ಮನಸ್ಸು ಅವನಿಗಿರಲಿಲ್ಲ. ಸ್ವಾಮಿಗಳು ಅವನ ಮುಖ ನೋಡದೆ ಶುರು ಮಾಡಿದರು.

ಒಂದು ಊರಿನಲ್ಲಿ ಒಬ್ಬ ಕಾರಿನವನಿದ್ದ. ಅವನ ಹತ್ತಿರ ಇದ್ದದ್ದು ಒಂದೇ ಕಾರು. ಅವನ ಅಪ್ಪ ಅದನ್ನು ಒಬ್ಬ ಜಹಗೀರುದಾರರಿಂದ ಕೊಂಡಿದ್ದ. ಉದ್ದ ಮೂತಿಯ, ಕೆನೆ ಬಣ್ಣದ ಪರದೇಶದ ಕಾರು. ಅದನ್ನು ಮಾಡಿದ ಕಂಪನಿ ಬಾಗಿಲು ಹಾಕಿ ಒಂದು ತಲೆಮಾರೇ ಕಳೆದಿತ್ತು. ಕಾರು ಮಾತ್ರ ಮೈ ಮಾಸದೆ ಉಳಿದಿತ್ತು.

ಆ ಊರಿನಲ್ಲಿ ಯಾರ ಮದುವೆಯಾದರೂ ಹೆಣ್ಣನ್ನು ಮನೆ ತುಂಬಿಸುವುದಕ್ಕೆ ಆ ಕಾರೇ ಬರಬೇಕು. ಸಾಹುಕಾರನ ಮಗಳಾಗಲಿ, ಕೂಲಿಯವನ ಮಗಳಾಗಲಿ, ಅದರಲ್ಲಿ ಕೂತು ಗಂಡನ ಮನೆಗೆ ಬಂದರೇನೇ ಮದುವೆ ಮುಗಿದ ಹಾಗೆ. ಕಾರಿನವನ ಅಪ್ಪ ಇಂಥವರಿಗೆ ಇಷ್ಟು ಎಂದು ಕೇಳಿದವನಲ್ಲ. ಕೊಟ್ಟಷ್ಟು ತೆಗೆದುಕೊಂಡು, ಪಂಕ್ತಿಯಲ್ಲಿ ಕೂತು ಉಂಡು, ಹರಸಿ ಬರುತ್ತಿದ್ದ.

ಆ ಕಾರಿನ ದೊಡ್ಡ ಹೆಸರು ಇದ್ದದ್ದು ಅದರ ಮೌನದಲ್ಲಿ. ಎಂಜಿನ್ ಓಡುತ್ತಿದೆಯೋ ನಿಂತಿದೆಯೋ ತಿಳಿಯಬೇಕಾದರೆ ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನೋಡಬೇಕಾಗಿತ್ತು. ಊರಿನವರು ಆ ಮನೆಯನ್ನು ಸದ್ದಿಲ್ಲದ ಕಾರಿನವರ ಮನೆ ಎಂದೇ ಕರೆಯುತ್ತಿದ್ದರು. ಟಪಾಲು ಕೂಡ ಹಾಗೆಂದು ವಿಳಾಸ ಬರೆದರೆ ಬಂದು ಮುಟ್ಟುತ್ತಿತ್ತು.

ಅಪ್ಪ ತೀರಿಕೊಂಡ ಮರುವರ್ಷ ಎಂಜಿನ್ ಸೀಳಿತು. ಕಾರಿನವನು ಮೇಸ್ತ್ರಿಯನ್ನು ಕರೆಸಿದ. ಮೇಸ್ತ್ರಿ ಇಡೀ ದಿನ ಅದರ ಕೆಳಗೆ ಮಲಗಿದ್ದು, ಸಂಜೆ ಎದ್ದು ಬಂದು ಕೈ ಒರೆಸಿಕೊಂಡ.

"ಇದರ ಆಯಸ್ಸು ಮುಗೀತು ಸ್ವಾಮಿ. ಬೆಸುಗೆ ಹಾಕಿದ್ರೂ ನಿಲ್ಲಲ್ಲ. ಇದರ ಸಾಮಾನು ಈ ಭೂಮಿ ಮೇಲೆ ಸಿಗಲ್ಲ."

ಕಾರಿನವನು ಆ ರಾತ್ರಿ ಉಣ್ಣಲಿಲ್ಲ. ಇನ್ನು ಹದಿನೈದು ದಿನಕ್ಕೆ ಒಂದು ಮದುವೆ ಇತ್ತು, ಮಾತು ಕೊಟ್ಟಾಗಿತ್ತು. ಅಪ್ಪ ಕಟ್ಟಿದ ಹೆಸರು ತನ್ನ ಕೈಯಲ್ಲಿ ಒಡೆಯಿತಲ್ಲ ಎಂದು ಅವನಿಗೆ ದುಃಖ. ಮೇಸ್ತ್ರಿಗೂ ಅವನನ್ನು ನೋಡಿ ಕರುಳು ಚುರಕ್ಕೆಂದಿತು. ನಾಲ್ಕು ದಿನ ಗುಜರಿ ಅಂಗಡಿಗಳನ್ನೆಲ್ಲ ಸುತ್ತಿ, ಕೊನೆಗೆ ಎತ್ತಿನ ಗಾಡಿಯಲ್ಲಿ ಒಂದು ಎಂಜಿನ್ ಹೇರಿಕೊಂಡು ಬಂದ. ಡೀಸೆಲ್ ಎಂಜಿನ್. ಮೊದಲು ಯಾವುದೋ ಟೆಂಪೋದಲ್ಲಿತ್ತು. ಟೆಂಪೋ ಮುರಿದ ಮೇಲೆ ಕೆಂಚಪ್ಪ ಎಂಬವನ ಆಲೆಮನೆಯಲ್ಲಿ ಎಂಟು ವರ್ಷ ಕಬ್ಬಿನ ಗಾಣ ತಿರುಗಿಸಿತ್ತು. ಅದರ ಸಂದಿಗೊಂದಿಯಲ್ಲೆಲ್ಲ ಬೆಲ್ಲದ ಪಾಕ ಅಂಟಿಕೊಂಡು ಗಟ್ಟಿಯಾಗಿತ್ತು.

ಮೇಸ್ತ್ರಿ ಕಬ್ಬಿಣ ಕಡಿದು, ತಟ್ಟಿ, ಬೆಸೆದು, ಗಾಣದ ಎಂಜಿನ್ನನ್ನು ಜಹಗೀರುದಾರರ ಕಾರಿನೊಳಗೆ ಕೂರಿಸಿದ. ಹಳೆಯ ಗೇರಿಗೂ ಹೊಸ ಎಂಜಿನ್ನಿಗೂ ಸಂಬಂಧ ಕುದುರಿಸುವುದಕ್ಕೆ ಅವನಿಗೆ ಆರು ದಿನ ಹಿಡಿಯಿತು. ಏಳನೆಯ ದಿನ ಕಾರು ಎದ್ದಿತು. ಎದ್ದದ್ದೇನು, ಅಕ್ಕಪಕ್ಕದ ಮನೆಯ ಕೋಳಿಗಳೆಲ್ಲ ಮಾಡು ಹತ್ತಿದವು.

ಕಾರಿನವನು ಎರಡೂ ಕಿವಿ ಮುಚ್ಚಿಕೊಂಡ.

"ಗಟ್ಟಿ ಎಂಜಿನ್ ಸ್ವಾಮಿ. ನೀವಿರೋ ತನಕ ಎಳೀತದೆ" ಎಂದ ಮೇಸ್ತ್ರಿ. "ಒಂದೇ ಮಾತು, ಇದಕ್ಕೆ ಗಾಳಿ ಬೇಕು. ಆಗಾಗ ಬಾನೆಟ್ ತೆಗೆದು ನೀರು ನೋಡ್ಕೊಳ್ಳಿ."

"ಇದು ಯಾರಿಗೂ ಗೊತ್ತಾಗಬಾರದು. ನೀನು ಬಾಯಿ ಬಿಡಕೂಡದು."

"ನಾನ್ಯಾಕೆ ಬಿಡಲಿ? ಅದೇ ಬಿಡ್ತದಲ್ಲ!" ಎಂದು ಮೇಸ್ತ್ರಿ ನಕ್ಕು ಹೊರಟ.

ಕಾರಿನವನು ನಗಲಿಲ್ಲ. ಅವನು ಬಾನೆಟ್ಟಿನ ಒಳಮೈಗೆ ಒಂದು ಕಂಬಳಿ ಕಟ್ಟಿದ. ಸದ್ದು ಸ್ವಲ್ಪ ತಗ್ಗಿತು. ಇನ್ನೊಂದು ಕಟ್ಟಿದ. ಅದರ ಮೇಲೆ ಗೋಣಿ, ಗೋಣಿಯ ಮೇಲೆ ಹಳೆಯ ಹಾಸಿಗೆಯ ನಾರು. ಚಳಿ ಜ್ವರ ಬಂದವನಿಗೆ ಹೊದಿಸಿದ ಹಾಗೆ ಎಂಜಿನ್ನಿಗೆ ಹೊದಿಸಿದ. ಕೊನೆಗೆ ಬಾನೆಟ್ಟಿಗೆ ಒಂದು ಬೀಗ ಜಡಿದು, ಕೀಲಿಯನ್ನು ಉಡಿದಾರಕ್ಕೆ ಕಟ್ಟಿಕೊಂಡ.

ಇಷ್ಟಾದರೂ ಹೊರಡುವಾಗಿನ ಆರ್ಭಟ ಮುಚ್ಚಲಿಲ್ಲ. ಅದಕ್ಕೂ ಅವನು ಉಪಾಯ ಹುಡುಕಿದ. ಮದುವೆಯ ಮನೆಗೆ ಹೋಗಿ, "ಕಾರು ಹೊರಡುವಾಗ ವಾಲಗ ಜೋರಾಗಿ ನುಡಿಯಬೇಕು. ಡೋಲಿನವರು ಕಾರಿನ ಮುಂದೆಯೇ ನಡೆಯಬೇಕು. ದಾರಿಯುದ್ದಕ್ಕೂ ನಿಲ್ಲಿಸಕೂಡದು. ನಮ್ಮ ಮನೆಯ ಶಾಸ್ತ್ರ" ಎಂದ. ಜನ ಒಪ್ಪಿದರು. ಶಾಸ್ತ್ರವೆಂದರೆ ಒಪ್ಪದವರು ಯಾರು? ಎರಡು ವರ್ಷ ಕಳೆಯುವುದರೊಳಗೆ ಅದು ಊರಿನ ಪದ್ಧತಿಯೇ ಆಗಿಹೋಯಿತು. ಡೋಲಿನವನು ಬೀಡಿ ಹಚ್ಚಲು ಒಂದು ಗಳಿಗೆ ನಿಂತರೆ ಮುದುಕಿಯರು ಅವನ ಏಳು ತಲೆಮಾರನ್ನು ಬೈಯುತ್ತಿದ್ದರು.

ಇನ್ನೊಂದು ಭಯ ಉಳಿದಿತ್ತು. ನಡುದಾರಿಯಲ್ಲಿ ಕಾರು ನಿಂತರೆ ಒಳಗಿದ್ದವರು ಕೆಳಗಿಳಿಯುತ್ತಾರೆ. ಇಳಿದವರು ಸುಮ್ಮನಿರುತ್ತಾರೆಯೇ? ಮುಂದೆ ಬಂದು ಬಗ್ಗಿ ನೋಡುತ್ತಾರೆ. ಅದಕ್ಕೆ ಅವನು ಇನ್ನೊಂದು ಶಾಸ್ತ್ರ ಕಟ್ಟಿದ. "ಮದುಮಕ್ಕಳು ಒಮ್ಮೆ ಈ ಕಾರಿನಲ್ಲಿ ಕೂತರೆ ಮನೆಯ ಹೊಸ್ತಿಲು ಬರುವ ತನಕ ನೆಲ ಮುಟ್ಟಬಾರದು. ಮುಟ್ಟಿದರೆ ಸಂಸಾರಕ್ಕೆ ಕೇಡು. ನಮ್ಮಪ್ಪ ಹೇಳುತ್ತಿದ್ದರು" ಎಂದ. ಪಾಪ, ಅವನ ಅಪ್ಪ ಹಾಗೆ ಎಂದೂ ಹೇಳಿದವನಲ್ಲ.

ಹೀಗೆ ಆರು ವರ್ಷ ನಡೆಯಿತು. ಕಾರಿಗೆ ಮೊದಲಿನ ಹಾಗೆಯೇ ಹೂವಿನ ಹಾರ ಬೀಳುತ್ತಿತ್ತು. ಕಾರಿನವನು ಮಾತ್ರ ಮೊದಲಿನ ಹಾಗಿರಲಿಲ್ಲ. ಸೆರಗಿನಲ್ಲಿ ಕೆಂಡ ಕಟ್ಟಿಕೊಂಡವರು ನೆಮ್ಮದಿಯಾಗಿ ಕೂರುವುದುಂಟೇ? ಮದುವೆಯ ಮನೆಯಲ್ಲಿ ಎಲೆ ಹಾಕಿದರೆ ಅವನು ಹೋಗುತ್ತಿರಲಿಲ್ಲ. ಯಾರಾದರೂ ಬಾನೆಟ್ ಮುಟ್ಟಿಯಾರೆಂದು ಕಾರಿನ ಪಕ್ಕದಲ್ಲೇ ನಿಂತಿರುತ್ತಿದ್ದ. ಯಾರೋ ಕರುಣೆಯಿಂದ ಎಲೆಯಲ್ಲಿ ಕಟ್ಟಿ ತಂದುಕೊಟ್ಟರೆ ನಿಂತೇ ತಿನ್ನುತ್ತಿದ್ದ. ಸಂತೆಯಲ್ಲಿ ಇಬ್ಬರು ಏನೋ ಹೇಳಿಕೊಂಡು ನಕ್ಕರೆ, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ಬೆದರುತ್ತಿದ್ದ. ಅಪ್ಪನ ಗೆಳೆಯರನ್ನು ಕಂಡರೆ ಬೇರೆ ಬೀದಿ ಹಿಡಿಯುತ್ತಿದ್ದ. ನೀರು ನೋಡಲು ಊರ ಹೊರಗಿನ ಕೆರೆಯ ಕೋಡಿಯವರೆಗೆ ಹೋಗಿ, ಸುತ್ತ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಬೀಗ ತೆಗೆಯುತ್ತಿದ್ದ.

ಆ ಊರು ಸಮತಟ್ಟು. ಮದುವೆಗಳೆಲ್ಲ ಎರಡು ಮೂರು ಬೀದಿಗಳೊಳಗೇ ಮುಗಿಯುತ್ತಿದ್ದವು. ಹಾಗಾಗಿ ಎಂಜಿನ್ ಆರು ವರ್ಷ ಆ ಕಂಬಳಿಗಳನ್ನು ಹೇಗೋ ತಾಳಿಕೊಂಡಿತು.

ಏಳನೆಯ ವರ್ಷದ ವೈಶಾಖದಲ್ಲಿ ಒಂದು ಮದುವೆ ಬಂತು. ಗಂಡಿನ ಮನೆ ಊರಾಚೆಯ ದಿನ್ನೆಯ ಮೇಲಿತ್ತು. ಒಂದು ಮೈಲಿ ಏರುದಾರಿ. ಧಾರೆ ಮುಗಿದಾಗ ಬಿಸಿಲು ನೆತ್ತಿಯ ಮೇಲಿತ್ತು. ಊಟ ಗಂಡಿನ ಮನೆಯ ಚಪ್ಪರದಲ್ಲಿ. ಕಾರಿನ ಹಿಂದಿನ ಸೀಟಿನಲ್ಲಿ ಹೆಣ್ಣು, ಗಂಡು ಕೂತರು. ಹೆಣ್ಣಿನ ಅಜ್ಜಿ ಮೊಮ್ಮಗಳ ಪಕ್ಕದಲ್ಲಿ ಕೂತಳು. ಮುಂದೆ ವಾಲಗ ಹೊರಟಿತು, ಹಿಂದೆ ಇನ್ನೂರು ಜನ.

ಏರು ಶುರುವಾಯಿತು. ಡೋಲಿನವರು ನಡೆದಷ್ಟೇ ವೇಗದಲ್ಲಿ ಕಾರು ಹತ್ತಬೇಕು. ಅವರಿಗೆ ಬಿಸಿಲಿಗೆ ಹೆಜ್ಜೆ ಕೀಳಲಾಗುತ್ತಿಲ್ಲ. ಎಂಜಿನ್ ಮೊದಲ ಗೇರಿನಲ್ಲಿ ನರಳುತ್ತಿದೆ. ಮೇಲೆ ನಾಲ್ಕು ಪದರ ಹೊದಿಕೆ. ಅರ್ಧ ಏರು ಹತ್ತುವಷ್ಟರಲ್ಲಿ ಕಾರಿನವನ ಪಾದಕ್ಕೆ ಬಿಸಿ ತಟ್ಟಿತು. ಇನ್ನೇನು, ಅರ್ಧ ಮೈಲಿ ತಾನೇ, ಎಂದುಕೊಂಡ. ಕಂಬಳಿ ಸುಟ್ಟ ವಾಸನೆ ಬಂತು. ಇನ್ನೇನು, ಕಾಲು ಮೈಲಿ ತಾನೇ, ಎಂದುಕೊಂಡ. ಹಾಗೆಂದುಕೊಳ್ಳುವಷ್ಟರಲ್ಲಿ ಬಾನೆಟ್ಟಿನ ಸಂದಿಯಿಂದ ಕರಿ ಹೊಗೆ ಎದ್ದಿತು. ಎಂಜಿನ್ ಒಂದು ಸಲ ಬಿಕ್ಕಿ ನಿಂತುಹೋಯಿತು.

ಕಾರಿನವನು ಧುಮುಕಿ, ಚಕ್ರಕ್ಕೆ ಕಲ್ಲು ಕೊಟ್ಟು, ಬಾನೆಟ್ಟಿನ ಮುಂದೆ ನಿಂತ. ಕೈ ಉಡಿದಾರದ ಕೀಲಿಯ ಮೇಲಿತ್ತು. ವಾಲಗ ನಿಂತಿತ್ತು. ಇನ್ನೂರು ಜನ ಸುತ್ತ ನೆರೆದಿದ್ದರು. ಈಗ ಬೀಗ ತೆಗೆದರೆ ಅಪ್ಪನ ಹೆಸರು ಎಲ್ಲರ ಕಣ್ಣೆದುರಿಗೆ ಹೋಗುತ್ತದೆ. ತೆಗೆಯದಿದ್ದರೆ ಕಾರು ಹೋಗುತ್ತದೆ. ಕಾರು ಹೋದರೆ ಹೋಗಲಿ, ಹೆಸರು ಉಳಿಯಲಿ ಎಂದು ಅವನ ಮನಸ್ಸು ಹೇಳಿತು. ಸುಟ್ಟು ಬೂದಿಯಾದ ಕಾರಿನೊಳಗೆ ಯಾವ ಎಂಜಿನ್ ಇತ್ತೆಂದು ಯಾರು ಕೇಳುತ್ತಾರೆ? ಅವನು ಕೀಲಿಯಿಂದ ಕೈ ತೆಗೆದ.

ಆಗ ಅವನ ಕಣ್ಣು ಕಾರಿನೊಳಗೆ ಹೋಯಿತು. ಒಳಗೆಲ್ಲ ಹೊಗೆ. ಮದುಮಕ್ಕಳು ಇನ್ನೂ ಅಲ್ಲೇ ಕೂತಿದ್ದರು. ಹೆಣ್ಣು ಸೆರಗಿನಿಂದ ಮೂಗು ಮುಚ್ಚಿಕೊಂಡು ಕೆಮ್ಮುತ್ತಿದ್ದಳು. ಗಂಡು ಬಾಗಿಲ ಹಿಡಿಗೆ ಕೈ ಹಾಕಿದ್ದ. ಅಜ್ಜಿ ಅವನ ರಟ್ಟೆ ಹಿಡಿದು ಎಳೆಯುತ್ತಿದ್ದಳು.

"ಇಳೀಬ್ಯಾಡ ಕಣಪ್ಪ! ಕೂತ್ಕೋ! ಹೊಸ್ತಿಲು ಕಾಣೋಗಂಟ ನೆಲ ಮುಟ್ಟಬಾರದು. ಸಂಸಾರಕ್ಕೆ ಕೇಡು ಕಣಪ್ಪ!"

ತಾನು ಬಾಯಿಗೆ ಬಂದಂತೆ ಕಟ್ಟಿದ ಮಾತು ಮೂರು ಜೀವಗಳನ್ನು ಹಿಡಿದು ಕೂರಿಸಿತ್ತು. ಅವನು ಬಾಗಿಲು ಕಿತ್ತು ತೆಗೆದ.

"ಇಳೀರಿ! ಇಳೀರಿ ತಾಯಿ! ಅದು ಶಾಸ್ತ್ರ ಅಲ್ಲ, ನಾನು ಕಟ್ಟಿದ ಸುಳ್ಳು! ನಮ್ಮಪ್ಪ ಹಂಗೆ ಹೇಳೇ ಇಲ್ಲ!"

ಅಜ್ಜಿ ಬಾಯಿ ತೆರೆದು ಅವನನ್ನು ನೋಡಿದಳು. ಅವನು ಕಾಯಲಿಲ್ಲ. ಹೆಣ್ಣನ್ನು, ಗಂಡನ್ನು ಕೈ ಹಿಡಿದು ಇಳಿಸಿದ. ಅಜ್ಜಿಯನ್ನು ಎರಡೂ ತೋಳಿನಲ್ಲಿ ಎತ್ತಿ ಹೊಂಗೆ ಮರದ ಕೆಳಗೆ ಕೂರಿಸಿದ. ಓಡಿ ಬಂದು ಬೀಗ ತೆಗೆದ. ಬೆರಳು ಸುಟ್ಟವು. ಬಾನೆಟ್ ಎತ್ತಿ, ಉರಿಯುತ್ತಿದ್ದ ಕಂಬಳಿಗಳನ್ನು, ಗೋಣಿಯನ್ನು, ನಾರನ್ನು ಕಿತ್ತು ಕಿತ್ತು ರಸ್ತೆಗೆ ಎಸೆದ. ಹೆಂಗಸರು ಮದುವೆಯ ಜನಕ್ಕೆಂದು ಹೊತ್ತು ತಂದಿದ್ದ ಒಂದು ಕೊಳಗ ಪಾನಕವನ್ನು ಅವುಗಳ ಮೇಲೆ ಸುರಿದರು. ಬೆಂಕಿ ಆರಿತು.

ಕೆನೆ ಬಣ್ಣದ ಬಾನೆಟ್ಟಿನ ಕೆಳಗೆ ಗಾಣದ ಎಂಜಿನ್ ಮಸಿ ಮೆತ್ತಿಕೊಂಡು ಎಲ್ಲರಿಗೂ ಕಾಣುವಂತೆ ಕೂತಿತ್ತು. ಕಾರಿನವನು ತಲೆ ತಗ್ಗಿಸಿ ನಿಂತ. ಮುಖವೆತ್ತಿದರೆ ಯಾರ ಕಣ್ಣು ಎದುರಾಗುತ್ತದೋ ಎಂದು ಅವನಿಗೆ ಹೆದರಿಕೆ.

ಡೋಲಿನವನು ಹತ್ತಿರ ಬಂದು ಬಗ್ಗಿ ನೋಡಿದ. ಅವನಿಗೆ ಅರವತ್ತು ದಾಟಿತ್ತು.

"ಕೆಂಚಪ್ಪನ ಆಲೆಮನೇದು ತಾನೇ? ನಾನು ಅವತ್ತೇ ಅಂದಿದ್ದೆ. ಮೂರು ಏಟು ಸರಿಯಾಗಿ ಹೊಡೆದು ನಾಲ್ಕನೇದು ಎಡವುತ್ತದೆ. ಆರು ವರ್ಷದಿಂದ ಅದರ ತಾಳಕ್ಕೇ ಬಾರಿಸ್ತಾ ಇದೀನಿ."

ಕಾರಿನವನು ತಲೆ ಎತ್ತಿದ. "ನಿನಗೆ ಗೊತ್ತಿತ್ತಾ?"

"ನನಗೊಬ್ಬನಿಗಾ?" ಡೋಲಿನವನು ಜನರ ಕಡೆ ತಿರುಗಿದ. ಕೆಲವರು ನೆಲ ನೋಡಿದರು. ಕೆಲವರಿಗೆ ನಗು ತಡೆಯಲಾಗಲಿಲ್ಲ. ಒಬ್ಬ ಹೆಂಗಸು, "ಅದು ಹೊರಟ್ರೆ ನಮ್ಮನೆ ಪಾತ್ರೆ ಎಲ್ಲಾ ಅಲ್ಲಾಡ್ತವೆ, ಗೊತ್ತಾಗದೇ ಇರ್ತದಾ?" ಎಂದಳು.

ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುತ್ತಿತ್ತು. ಊರಿಗೆ ಊರೇ ಕಣ್ಣು ಬಿಟ್ಟುಕೊಂಡು ನೋಡುತ್ತಿತ್ತು.

"ಮತ್ತೆ ಯಾರೂ ಯಾಕೆ ಹೇಳಲಿಲ್ಲ?" ಎಂದ ಕಾರಿನವನು.

ಉತ್ತರ ಕೊಟ್ಟವಳು ಮರದ ಕೆಳಗಿದ್ದ ಅಜ್ಜಿ.

"ಅಷ್ಟು ಕಷ್ಟಪಟ್ಟು ಮುಚ್ಚಿಕೊಂಡಿದ್ದೆ ಕಣಪ್ಪ. ಹೇಳಿ ನಿನ್ನ ಮನಸ್ಸು ಯಾಕೆ ನೋಯಿಸೋದು ಅಂತ ಸುಮ್ಮನಿದ್ವಿ. ಕಾರು ಬರ್ತಿತ್ತು, ಹೆಣ್ಣುಮಕ್ಕಳು ಸುಖವಾಗಿ ಮನೆ ಸೇರ್ತಿದ್ರು. ಒಳಗೆ ಯಾವ ಎಂಜಿನ್ ಇದ್ರೆ ನಮಗೇನು?" ಅವಳು ಹೊಗೆಯಿಂದ ಕೆಂಪಾದ ಕಣ್ಣು ಒರೆಸಿಕೊಂಡಳು. "ಎಂಜಿನ್ ಬೇರೆ ಅಂತ ಗೊತ್ತಿತ್ತು. ಶಾಸ್ತ್ರ ಸುಳ್ಳು ಅಂತ ಮಾತ್ರ ಗೊತ್ತಿರಲಿಲ್ಲ. ಅದನ್ನ ನಂಬಿ ಈ ಮಕ್ಕಳನ್ನ ಹೊಗೇಲಿ ಹಿಡಿದು ಕೂರಿಸಿದ್ದೆನಲ್ಲೋ."

ಆ ಮಾತಿಗೆ ಕಾರಿನವನು ರಸ್ತೆಯಲ್ಲೇ ಕೂತು ಅತ್ತುಬಿಟ್ಟ. ಅಜ್ಜಿಯ ಕಾಲು ಹಿಡಿದುಕೊಂಡ. ಅಜ್ಜಿ ಅವನ ಬೆನ್ನಿಗೆ ಒಂದು ಗುದ್ದು ಕೊಟ್ಟಳು. ಗುದ್ದು ಗಟ್ಟಿಯಾಗಿಯೇ ಬಿತ್ತು. ಆಮೇಲೆ ಅದೇ ಬೆನ್ನನ್ನು ಸವರಿದಳು.

ಎಂಜಿನ್ ಆರುವುದಕ್ಕೆ ಅರ್ಧ ಗಂಟೆ ಬೇಕಾಯಿತು. ಗಾಳಿ ಆಡಿತು. ಪಕ್ಕದ ತೋಟದ ಬಾವಿಯಿಂದ ಯಾರೋ ನೀರು ತಂದರು. ಕಾರಿನವನು ಎಲ್ಲರ ಎದುರಿಗೆ ನಿಧಾನವಾಗಿ ನೀರು ತುಂಬಿಸಿದ. ಬಾನೆಟ್ಟನ್ನು ಬಿಚ್ಚಿ ಕಾರಿನ ತಲೆಯ ಮೇಲೆ ಕಟ್ಟಿದ. ಮದುಮಕ್ಕಳು ಮತ್ತೆ ಕೂತರು. ಡೋಲಿನವರೂ ಇವತ್ತು ನಡೆಯಲಿಲ್ಲ. ಮುಂದಿನ ಸೀಟಿನಲ್ಲಿ ಇಬ್ಬರು, ಪಕ್ಕದ ಮೆಟ್ಟಿಲ ಮೇಲೆ ಇಬ್ಬರು ಹತ್ತಿಕೊಂಡರು. ಎಂಜಿನ್ ಗುಡುಗಿತು. ಕಾರು ತನಗೆ ಸೇರಿದ ವೇಗದಲ್ಲಿ ಏರು ಹತ್ತಿತು. ಜನ ಕೇಕೆ ಹಾಕಿಕೊಂಡು ಹಿಂದೆ ಓಡಿದರು.

ಹೆಣ್ಣು ಹೊಸ್ತಿಲ ಮೇಲಿನ ಅಕ್ಕಿಯ ಸೇರು ಒದ್ದು ಒಳಗೆ ಹೋದಳು. ಚಪ್ಪರದಲ್ಲಿ ಎಲೆ ಹಾಕಿದರು. ಗಂಡಿನ ತಂದೆ ಬಂದು ಕಾರಿನವನ ಕೈ ಹಿಡಿದು ಪಂಕ್ತಿಯಲ್ಲಿ ಕೂರಿಸಿದ. ಆರು ವರ್ಷಗಳಲ್ಲಿ ಅವನು ಮೊದಲ ಸಲ ಕಾರಿಗೆ ಬೆನ್ನು ಮಾಡಿ ಕೂತ. ಬಡಿಸಿದ್ದನ್ನೆಲ್ಲ ಉಂಡ. ಹೋಳಿಗೆಯನ್ನು ಕೇಳಿ ಹಾಕಿಸಿಕೊಂಡ. ಉಂಡು ಎದ್ದು, ಚಪ್ಪರದ ಮೂಲೆಯ ಚಾಪೆಯ ಮೇಲೆ ಅಡ್ಡಾಗಿ, ಹೊತ್ತಿಳಿಯುವವರೆಗೆ ಗೊರಕೆ ಹೊಡೆದ. ಅಷ್ಟು ಹೊತ್ತೂ ಯಾರು ಯಾರೋ ಬಂದು ಎಂಜಿನ್ ನೋಡಿ ಹೋದರು.

ಸ್ವಾಮಿಗಳು ಕತೆ ನಿಲ್ಲಿಸಿದರು. ಹೊರಗೆ ರಸ್ತೆಯಲ್ಲಿ ಬಸ್ಸು ಬಂದು ನಿಂತ ಸದ್ದಾಯಿತು. ಕಂಡಕ್ಟರು ಎರಡು ಸಲ ಊರಿನ ಹೆಸರು ಕೂಗಿದ. ಮರುಳಸಿದ್ಧ ಏಳಲಿಲ್ಲ. ಬಸ್ಸು ಹೊರಟು ಹೋಯಿತು.

"ಬುದ್ಧಿ" ಎಂದ ಅವನು. "ಪ್ರಸಾದಕ್ಕೆ ಮೊದಲು ಅರ್ಧ ಗಂಟೆಯ ಪ್ರಾರ್ಥನೆ ಇಟ್ಟಿದ್ದೇನಲ್ಲ, ಮಠದ ಹಳೆಯ ಪದ್ಧತಿ ಎಂದು. ಅದು ಹಳೆಯದಲ್ಲ. ಭಕ್ತಿ ಹೋದ ಮೇಲೆ ನಾನೇ ತಂದದ್ದು. ನನ್ನ ಒಳಗು ಯಾರಿಗೂ ಕಾಣದಿರಲಿ ಎಂದು."

"ಗೊತ್ತು. ಎಳೆಯ ಮಕ್ಕಳು ಎಲೆಯ ಮುಂದೆ ಅಳುತ್ತವೆ."

"ನಾಳೆಯಿಂದ ನಿಲ್ಲಿಸುತ್ತೇನೆ."

"ಇವತ್ತಿನ ಪಂಕ್ತಿ ಇನ್ನೂ ಕೂತಿಲ್ಲ" ಎಂದರು ಸ್ವಾಮಿಗಳು.

ಮರುಳಸಿದ್ಧ ಸಣ್ಣಗೆ ನಕ್ಕ. ಎರಡು ವರ್ಷದಿಂದ ಎದೆಯ ಮೇಲೆ ಕೂತಿದ್ದ ಭಾರ ಇಳಿದಿತ್ತು. ಎದ್ದು ಗಂಟನ್ನು ಕೈಗೆತ್ತಿಕೊಂಡ. ಒಳಗಿನ ಕೋಣೆಯ ಕಡೆ ಎರಡು ಹೆಜ್ಜೆ ಇಟ್ಟವನು ಮತ್ತೆ ತಿರುಗಿದ. ಒಂದು ಮುಳ್ಳು ಇನ್ನೂ ಉಳಿದಿತ್ತು.

"ಆದರೂ ಬುದ್ಧಿ, ನನ್ನಲ್ಲಿ ಭಕ್ತಿ ಇಲ್ಲ ಎನ್ನುವುದು ನಿಜ ತಾನೇ?"

"ಉಣ್ಣಲು ಬಂದವರಿಗೆ ಅನ್ನ ಸಿಕ್ಕಿದೆ, ಅವರಿಗೆ ಮೋಸವಾಗಿಲ್ಲ; ನಿನ್ನ ಒಳಗು ನನಗೆ ಮೊದಲ ದಿನವೇ ತಿಳಿದಿತ್ತು, ನನಗೂ ಆಗಿಲ್ಲ; ಹಾಗಾದರೆ ಭಕ್ತಿಯೇ ಇಲ್ಲದ ನೀನು ಎರಡು ವರ್ಷ ಯಾರಿಗೆ ಹೆದರಿದೆಯಪ್ಪ?"